ಮಸಿ ಸುಟ್ಟು ಪೆಟ್ರೋಲ್ ತೆಗೆದ ಹೌಡ್ರಿ

ಒಲಿ ಮುಂದ ಕುಂತು ಬೆಳೆದ ನಮ್ಮ ಶಹಾಪುರ, ಸುರಪುರ, ಯಾದಗಿರಿ ಕಡೆ ಹುಡುಗರಿಗೆ ಆಕ್ಸಿಜನ್ ಕಂಟ್ರೋಲ್ ಅಂದ್ರ ಏನು ಅಂತ ಯಾರೂ ಬೋರ್ಡ್ ಮ್ಯಾಲ ಬರೆದು ಹೇಳಬೇಕಾಗಿಲ್ಲ. ಹತ್ತಿ ಕಟಗಿ ಒಲಿಗೆ ಇಟ್ಟು ಊದಗೊಳವಿಯಿಂದ ಮೆಲ್ಲಕ ಊದಿದ್ರ ಬೆಂಕಿ ಹದಕ್ಕ ಬರತದ. ಜೋರು ಊದಿದ್ರ ಬುಗ್ಗನ ಎದ್ದು ಹಂಚಿನ ಮ್ಯಾಲಿನ ರೊಟ್ಟಿ ಕರಕಲಾಗತದ. ಊದದೇ ಬಿಟ್ಟರ ಮನೀ ತುಂಬ ಹೊಗಿ. ಅಜ್ಜಿಗೆ ಇದು ಗೊತ್ತಿತ್ತು, ಇಟ್ಟಂಗಿ ಭಟ್ಟಿ ಹಚ್ಚುವವರಿಗೂ ಗೊತ್ತದ. ಆದರೆ ಇದೇ ಮಾತಿನ ಸುತ್ತ ಕೋಟಿಗಟ್ಟಲೆ ಡಾಲರಿನ ಪೇಟೆಂಟ್ ಜಗ್ಗಾಟ ನಡೆದಿತ್ತು, ಅದರ ನಡುವೆ ಒಬ್ಬ ಮನುಷ್ಯ ತನ್ನ ದೇಶ, ದುಡ್ಡು, ಆಯುಷ್ಯ ಎಲ್ಲವನ್ನೂ ಪಣಕ್ಕಿಟ್ಟಿದ್ದ ಅಂತ ನನಗೆ ಗೊತ್ತಾಗಿದ್ದು ಹೋದ ದೀಪಾವಳಿಗೆ.

ನಮ್ಮ ದೊಡ್ಡಪ್ಪನ ಮಗ, ಅಣ್ಣ, ಒಂದು ರಿಫೈನರಿಯಲ್ಲಿ ಆಪರೇಟರ್. ಹಬ್ಬಕ್ಕೆ ಊರಿಗೆ ಬಂದಾಗ ನೈಟ್ ಶಿಫ್ಟಿನಲ್ಲಿ ಏನು ಮಾಡ್ತಿ ಅಂತ ಕೇಳಿದೆ. ಒಂದು ನಂಬರ್ ನೋಡ್ಕೋತ ಕೂಡತೀನಿ ಅಂದ. ಆ ನಂಬರ್ ಅಂದ್ರೆ ಚಿಮಣಿ ಕಡೆ ಹೋಗುವ ಗ್ಯಾಸಿನಲ್ಲಿ ಉಳಿದ ಆಕ್ಸಿಜನ್ ಎಷ್ಟು ಪರ್ಸೆಂಟ್ ಅನ್ನೋದು. ಅದು ಜಾಸ್ತಿಯಾದ್ರೂ ತೊಂದರೆ, ಸೊನ್ನೆಗೆ ಇಳಿದ್ರೂ ತೊಂದರೆ. ಯಾರು ಕಂಡುಹಿಡಿದ್ರು ಈ ಕೆಲಸ ಅಂತ ಕೇಳಿದ್ದಕ್ಕೆ ಹೌಡ್ರಿ ಅಂತ ಒಬ್ಬ ಇದ್ನಂತ ಅಂದು ಚಹಾ ಕುಡಿದು ಎದ್ದು ಹೋದ. ಕೆಮಿಕಲ್ ಬ್ರಾಂಚಿನ ನಾನು ನಾಲ್ಕು ಸೆಮಿಸ್ಟರ್ ಮುಗಿಸಿದ್ದರೂ ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಒಂದಕ್ಷರ ಓದಿರಲಿಲ್ಲ. ಓದಿದ ಮೇಲೆ ಬರೆಯದೇ ಇರೋಕಾಗಲಿಲ್ಲ.

ಯೂಜೀನ್ ಹೌಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಪ್ಯಾರಿಸ್ ಹತ್ತಿರದ ದೊಮೋಂ ಎಂಬ ಊರಲ್ಲಿ. ಅಪ್ಪನದು ಉಕ್ಕಿನ ಕಟ್ಟಡ ಸಾಮಗ್ರಿಯ ದೊಡ್ಡ ವ್ಯಾಪಾರ. ಮಗ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹೌದು, ಕೆಮಿಸ್ಟ್ರಿ ಅಲ್ಲ, ಮೆಕ್ಯಾನಿಕಲ್! 1911ರಲ್ಲಿ ಕ್ಲಾಸಿಗೇ ಮೊದಲಿಗನಾಗಿ ಪಾಸಾದ, ಸರ್ಕಾರದ ಚಿನ್ನದ ಪದಕ ಗೆದ್ದ. ಅದೇ ಹೊತ್ತಿಗೆ ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಕೂಡ ಆಗಿದ್ದ. ಓದುವವರು ಆಡೋದಿಲ್ಲ, ಆಡುವವರು ಓದೋದಿಲ್ಲ ಅನ್ನೋ ನಮ್ಮ ಹಾಸ್ಟೆಲ್ ಲೆಕ್ಕ ಇವನಿಗೆ ಅನ್ವಯಿಸುವುದಿಲ್ಲ.

ಅಪ್ಪನ ಕಂಪನಿ ಸೇರಿ ಸ್ವಲ್ಪ ದಿನಕ್ಕೇ ಮೊದಲ ಮಹಾಯುದ್ಧ ಶುರುವಾಯಿತು. ತೋಪಿನ ದಳಕ್ಕೆ ಹೋದ, ಅಲ್ಲಿಂದ ಆಗಷ್ಟೇ ಹುಟ್ಟಿದ್ದ ಟ್ಯಾಂಕ್ ದಳಕ್ಕೆ. 1917ರಲ್ಲಿ ಜುವಿನ್‌ಕೂರ್ ಎಂಬಲ್ಲಿ ಫ್ರಾನ್ಸಿನ ಟ್ಯಾಂಕುಗಳು ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕಿಳಿದವು, ಬಹಳಷ್ಟು ಅಲ್ಲೇ ಕೆಟ್ಟು ನಿಂತವು. ಮ್ಯಾಲಿಂದ ಗುಂಡಿನ ಮಳೆ, ಕೆಳಗ ಕೆಟ್ಟ ಟ್ಯಾಂಕ್. ಅಂಥಾದ್ರಾಗ ರಿಪೇರಿ ಕೆಲಸಕ್ಕೆ ಜನ ಹಚ್ಚಿದವನು ಈ ಹೌಡ್ರಿ. ಸ್ವತಃ ಭಾರೀ ಗಾಯಗೊಂಡ. ಶೌರ್ಯಕ್ಕೆ ಪದಕ ಬಂತು. ಪದಕಕ್ಕಿಂತ ಹೆಚ್ಚಾಗಿ ಅವನ ತಲೆಯಲ್ಲಿ ಉಳಿದದ್ದು ಎಂಜಿನ್ನು, ಮತ್ತು ಅದಕ್ಕೆ ಬೇಕಾದ ಎಣ್ಣೆ.

ಯುದ್ಧ ಮುಗಿದ ಮೇಲೆ ಕಾರ್ ರೇಸಿನ ಹುಚ್ಚು ಹಿಡಿಯಿತು. 1922ರಲ್ಲಿ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್ ರೇಸ್ ನೋಡಿ, ಫೋರ್ಡ್ ಕಾರ್ಖಾನೆ ಸುತ್ತಿ ಬಂದ. ಅಲ್ಲಿ ಒಂದು ಮಾತು ಮನದಟ್ಟಾಯಿತು. ಎಂಜಿನ್ ಎಷ್ಟೇ ಚಲೋ ಮಾಡಿದರೂ ಪೆಟ್ರೋಲ್ ಸರಿ ಇಲ್ಲದಿದ್ದರೆ ಎಂಜಿನ್ ಬಡಕೊಳ್ಳುತ್ತೆ. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಅಂತಾರಲ್ಲ, ಅದೇ. ಆಗಿನ ಪೆಟ್ರೋಲ್ ಆ ಮಟ್ಟದ್ದೇ ಇತ್ತು. ಭಾರವಾದ ಎಣ್ಣೆಯನ್ನು ಬರೀ ಶಾಖ, ಒತ್ತಡದಿಂದ ಒಡೆದು ಪೆಟ್ರೋಲ್ ಮಾಡುತ್ತಿದ್ದರು. ಸಿಗುತ್ತಿದ್ದದ್ದು ಕಡಿಮೆ, ಗುಣವೂ ಅಷ್ಟಕ್ಕಷ್ಟೇ.

ಫ್ರಾನ್ಸಿನಲ್ಲಿ ಕಚ್ಚಾ ಎಣ್ಣೆಯೇ ಹೆಚ್ಚು ಇರಲಿಲ್ಲ. ಇದ್ದದ್ದು ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. ನೀಸ್ ಊರಿನ ಪ್ರುಡೋಮ್ ಎಂಬ ಔಷಧ ಅಂಗಡಿಯವನು ಲಿಗ್ನೈಟಿನಿಂದ ಪೆಟ್ರೋಲ್ ತೆಗೆಯುವ ದಾರಿ ಕಂಡಿದ್ದಾನೆ ಅಂತ ಸುದ್ದಿ ಬಂತು. ಹೌಡ್ರಿ ಅವನ ಜೊತೆ ಸೇರಿ ಪ್ಯಾರಿಸ್ ಹತ್ತಿರ ಬೋಶಾಂ ಎಂಬಲ್ಲಿ ಲ್ಯಾಬ್ ಹಾಕಿಸಿದ. ಸರ್ಕಾರವೂ ಬೆನ್ನಿಗೆ ನಿಂತಿತು. 1929ರ ಜೂನ್‌ನಲ್ಲಿ ದಿನಕ್ಕೆ 60 ಟನ್ ಲಿಗ್ನೈಟ್ ಅರಗಿಸುವ ಕಾರ್ಖಾನೆ ಶುರುವಾಯಿತು. ಆದರೆ ಖರ್ಚಿಗೂ ಬೆಲೆಗೂ ತಾಳೆ ಬೀಳಲಿಲ್ಲ. ಸರ್ಕಾರ ಕೈ ಬಿಟ್ಟಿತು, ಅದೇ ವರ್ಷ ಕಾರ್ಖಾನೆಗೆ ಬೀಗ ಬಿತ್ತು. ವರ್ಷಗಟ್ಟಲೆ ಮಾಡಿದ ಕೆಲಸ ಒಂದೇ ಹೊಡೆತಕ್ಕೆ ನೆಲಕಚ್ಚಿತು.

ಒಂದು ಒಳ್ಳೇದು ಏನಂದ್ರ, ಆ ಹೊತ್ತಿಗೆ ಅವನ ಕೈಯಲ್ಲಿ ಇನ್ನೊಂದು ಕೆಲಸ ಹಣ್ಣಾಗಿತ್ತು. ಲಿಗ್ನೈಟ್ ಜೊತೆಗೇ ಭಾರವಾದ ಪೆಟ್ರೋಲಿಯಂ ಎಣ್ಣೆಯನ್ನೂ ನೂರಾರು ಬಗೆಯ ವೇಗವರ್ಧಕಗಳ ಮೇಲೆ ಹಾಯಿಸಿ ನೋಡುತ್ತಲೇ ಇದ್ದ. ವೇಗವರ್ಧಕ ಅಂದರೆ ನಮ್ಮ ಪಿಯುಸಿ ಪುಸ್ತಕದ ಅದೇ ಕ್ಯಾಟಲಿಸ್ಟ್. ಕ್ರಿಯೆಗೆ ದಾರಿ ಮಾಡಿಕೊಟ್ಟು ತಾನು ಖರ್ಚಾಗದೆ ಉಳಿಯುವ ಪದಾರ್ಥ. 1927ರ ಹೊತ್ತಿಗೆ ಒಂದು ಜೇಡಿಮಣ್ಣಿನಂಥದು ಕೆಲಸ ಮಾಡಿತು. ಸಿಲಿಕಾ, ಅಲ್ಯೂಮಿನಾ ಇರುವ, ಆಮ್ಲದಲ್ಲಿ ಹದ ಮಾಡಿದ ಮಣ್ಣು. ಅದರ ಮೇಲೆ ಹಾದ ಎಣ್ಣೆ ಒಡೆದು ಚಲೋ ಪೆಟ್ರೋಲ್ ಆಗುತ್ತಿತ್ತು. ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ, ತನ್ನ ಬುಗಾಟಿ ರೇಸ್ ಕಾರಿಗೇ ಹಾಕಿ ಓಡಿಸಿ ನೋಡಿದ!

ಇಲ್ಲಿ ಅಸಲಿ ಸಮಸ್ಯೆ ಎದುರಾಯಿತು. ಎಣ್ಣೆ ಒಡೆಯುವಾಗ ಒಂದಿಷ್ಟು ಇಂಗಾಲ ಕ್ಯಾಟಲಿಸ್ಟಿನ ಮೇಲೆ ಮಸಿಯಾಗಿ ಕೂಡುತ್ತದೆ. ಇದಕ್ಕೆ ಕೋಕ್ ಅಂತಾರೆ, ಪಾತ್ರೆ ತಳಕ್ಕೆ ಹತ್ತುವ ಕರಿ ಇದ್ದಂಗ. ಕೆಲವೇ ನಿಮಿಷದಲ್ಲಿ ಕ್ಯಾಟಲಿಸ್ಟಿನ ಸಣ್ಣ ಸಣ್ಣ ರಂಧ್ರಗಳೆಲ್ಲ ಮುಚ್ಚಿ ಅದು ಸತ್ತಂಗಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಟನ್‌ಗಟ್ಟಲೆ ಮಣ್ಣು ತೆಗೆದು ಹೊಸದು ಹಾಕೋದು ಯಾರಿಂದಾದೀತು? ಬೇರೆಯವರು ಇಲ್ಲಿಗೆ ಬಂದು ಸೋತಿದ್ದರು. ಹೌಡ್ರಿ ಸೋಲಲಿಲ್ಲ. ಮಸಿ ತೆಗೆಯೋದು ಬ್ಯಾಡ, ಇದ್ದಲ್ಲೇ ಗಾಳಿ ಬಿಟ್ಟು ಸುಟ್ಟುಬಿಡೋಣ ಅಂತ ಹೊರಟ.

ಹೇಳೋದು ಸುಲಭ. ಸುಡುವುದರಲ್ಲೇ ಎಲ್ಲಾ ಐತಿ. ಒಂದು ಮೋಲ್ ಇಂಗಾಲ ಪೂರ್ತಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 394 ಕಿಲೋಜೂಲ್ ಶಾಖ. ಅರ್ಧಂಬರ್ಧ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಆದರೆ ಸುಮಾರು 110 ಮಾತ್ರ. ಅಂದರೆ ಎಷ್ಟು ಆಕ್ಸಿಜನ್ ಕೊಟ್ಟಿರಿ ಅನ್ನೋದರ ಮೇಲೆ ಅದೇ ಮಸಿ ಮೂರೂವರೆ ಪಟ್ಟು ಹೆಚ್ಚು ಕಾಯಬಹುದು. ಜಾಸ್ತಿ ಗಾಳಿ ಬಿಟ್ಟರೆ ಕ್ಯಾಟಲಿಸ್ಟ್ ಒಳಗೇ ಕೆಂಡವಾಗಿ, ರಂಧ್ರಗಳು ಕರಗಿ ಕೂಡಿಕೊಂಡು, ಸುಟ್ಟ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ದೇವರು ಬಂದರೂ ಅದನ್ನು ಎಬ್ಬಿಸೋಕಾಗಲ್ಲ. ಕಡಿಮೆ ಬಿಟ್ಟರೆ ಮಸಿ ಉಳಿದು, ಮುಂದಿನ ಸಲ ಪೆಟ್ರೋಲ್ ಇಳಿಯುತ್ತದೆ, ಜೊತೆಗೆ ವಿಷದ ಮೊನಾಕ್ಸೈಡ್ ಹೊರಗೆ ಬರುತ್ತದೆ. ಊದಗೊಳವಿಯ ಪಾಠ ಅಂದೆನಲ್ಲ, ಇದೇ ಅದು.

ಹೌಡ್ರಿಯ ಉತ್ತರ ಮೆಕ್ಯಾನಿಕಲ್ ಎಂಜಿನಿಯರನ ಉತ್ತರ. ಒಂದೇ ಪಾತ್ರೆ ಬದಲು ಹಲವು ಪಾತ್ರೆ ಇಟ್ಟ. ಒಂದರಲ್ಲಿ ಎಣ್ಣೆ ಒಡೆಯುವಾಗ ಇನ್ನೊಂದರಲ್ಲಿ ಮಸಿ ಸುಡುತ್ತಿರುತ್ತದೆ, ಮತ್ತೊಂದರಲ್ಲಿ ಉಳಿದ ಆವಿ, ಗಾಳಿ ಹೊರಹಾಕುತ್ತಿರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಟೈಮರ್ ಲೆಕ್ಕದಲ್ಲಿ ವಾಲ್ವುಗಳು ತಾವೇ ತಿರುಗಿ ಸರದಿ ಬದಲಾಗುತ್ತದೆ. ಎಣ್ಣೆ ಆವಿ ಇರುವಲ್ಲಿ ಗಾಳಿ ನುಗ್ಗಿದರೆ ಸ್ಫೋಟವೇ, ಅದಕ್ಕೇ ನಡುವೆ ಆ ಹೊರಹಾಕುವ ಸರದಿ. ಸುಡುವಾಗಿನ ಶಾಖ ಹೀರಲು ಪಾತ್ರೆಯೊಳಗೆ ಕೊಳವೆಗಳಲ್ಲಿ ಕರಗಿದ ಲವಣ ಹರಿಸಿದರು. ಬಿಸಿ ಹೊಗೆಯನ್ನು ಬಿಡದೆ ಟರ್ಬೈನ್ ತಿರುಗಿಸಿ, ಅದರಿಂದಲೇ ಗಾಳಿ ಊದುವ ಕಂಪ್ರೆಸರ್ ನಡೆಸಿದರು. ಮಸಿಯೇ ತನ್ನನ್ನು ಸುಡುವ ಗಾಳಿ ತಾನೇ ಊದಿಕೊಂಡಂತೆ!

ಆದರೆ ಫ್ರಾನ್ಸಿನಲ್ಲಿ ದುಡ್ಡು ಹಾಕುವವರು ಸಿಗಲಿಲ್ಲ. 1930ರಲ್ಲಿ ಅಮೆರಿಕದ ವ್ಯಾಕ್ಯೂಮ್ ಆಯಿಲ್ ಕಂಪನಿ ಕರೆಸಿಕೊಂಡಿತು. ಲ್ಯಾಬ್ ಸಮೇತ ನ್ಯೂಜೆರ್ಸಿಯ ಪಾಲ್ಸ್‌ಬರೋಗೆ ಹೋದ. 1931ರಲ್ಲಿ ಹೌಡ್ರಿ ಪ್ರೋಸೆಸ್ ಕಾರ್ಪೊರೇಷನ್ ಹುಟ್ಟಿತು. ಅದೇ ವರ್ಷ ವ್ಯಾಕ್ಯೂಮ್ ಕಂಪನಿ ಇನ್ನೊಂದರ ಜೊತೆ ಸೇರಿ ಸೊಕೊನಿ-ವ್ಯಾಕ್ಯೂಮ್ ಆಯಿತು. ಮಹಾ ಆರ್ಥಿಕ ಕುಸಿತದ ದಿನಗಳು, ಅವರ ಬಳಿಯೂ ಇವನೊಬ್ಬನ ಮೇಲೆ ಸುರಿಯುವಷ್ಟು ದುಡ್ಡಿರಲಿಲ್ಲ. 1933ರಲ್ಲಿ ಸನ್ ಆಯಿಲ್ ಕಂಪನಿ ಪಾಲುದಾರನಾಗಿ ಕೈ ಹಿಡಿಯಿತು. 1936ರಲ್ಲಿ ಪಾಲ್ಸ್‌ಬರೋದಲ್ಲಿ ದಿನಕ್ಕೆ 2,000 ಬ್ಯಾರಲ್ಲಿನ ಸಣ್ಣ ಘಟಕ ನಡೆಯಿತು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ 12,000 ಬ್ಯಾರಲ್ಲಿನ ದೊಡ್ಡದು, ಅಂದರೆ ದಿನಕ್ಕೆ ಸುಮಾರು 19 ಲಕ್ಷ ಲೀಟರ್. ಹಾಕಿದ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಒಳ್ಳೇ ಪೆಟ್ರೋಲ್ ಆಗಿ ಹೊರಬಂತು. ಹಳೇ ವಿಧಾನದಲ್ಲಿ ಬರುತ್ತಿದ್ದದ್ದು ಕಾಲು ಭಾಗ.

ಇಲ್ಲಿಂದ ಪೇಟೆಂಟ್ ಕಥೆ.

ಹೌಡ್ರಿ ಕಂಪನಿ ಕ್ಯಾಟಲಿಸ್ಟಿಗೆ, ಪಾತ್ರೆಗೆ, ಮಸಿ ಸುಡುವ ಕ್ರಮಕ್ಕೆ, ಶಾಖ ತೆಗೆಯುವುದಕ್ಕೆ ಹೀಗೆ ಒಂದೊಂದಕ್ಕೂ ಪೇಟೆಂಟ್ ಬೇಲಿ ಹಾಕಿತ್ತು. ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟ್ ಸಿಕ್ಕ ದಿನದಿಂದ 17 ವರ್ಷ ಹಕ್ಕು. ಬೇರೆಯವರು ಈ ವಿಧಾನ ಬಳಸಬೇಕಂದರೆ ಲೈಸೆನ್ಸ್ ಕೊಳ್ಳಬೇಕು, ಅದರ ಬೆಲೆ ಸಣ್ಣದಿರಲಿಲ್ಲ. ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗಳಲ್ಲೊಂದಾದ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಅಷ್ಟು ದುಡ್ಡು ಕೊಡಲು ಒಪ್ಪಲಿಲ್ಲ. ಅದರ ಬದಲು 1938ರಲ್ಲಿ ಇತರರನ್ನು ಕೂಡಿಸಿಕೊಂಡು ಕ್ಯಾಟಲಿಟಿಕ್ ರಿಸರ್ಚ್ ಅಸೋಸಿಯೇಟ್ಸ್ ಎಂಬ ಕೂಟ ಕಟ್ಟಿತು. ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್, ಕೆಲ್ಲಾಗ್, ಶೆಲ್, ಆಂಗ್ಲೋ-ಇರಾನಿಯನ್, ಟೆಕ್ಸಾಸ್ ಕಂಪನಿ, ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್, ಮೊದಮೊದಲು ಜರ್ಮನಿಯ ಐ.ಜಿ. ಫಾರ್ಬೆನ್ ಕೂಡ ಅದರಲ್ಲಿದ್ದವು. ಗುರಿ ಒಂದೇ. ಹೌಡ್ರಿಯ ಪೇಟೆಂಟ್ ಬೇಲಿ ಮುಟ್ಟದೆ ಅದೇ ಪೆಟ್ರೋಲ್ ತೆಗೆಯುವ ಬೇರೆ ದಾರಿ ಹುಡುಕಬೇಕು.

ಒಂದು ಕಡೆ ಒಬ್ಬ ಮನುಷ್ಯ, ಎರಡು ಕಂಪನಿ. ಇನ್ನೊಂದು ಕಡೆ ಅರ್ಧ ಜಗತ್ತಿನ ಎಣ್ಣೆ. ನಮ್ಮ ಸುರಪುರದ ಕೋಟೆ ಕಥೆ ಕೇಳಿ ಬೆಳೆದವರಿಗೆ ಇಂಥಾ ಲೆಕ್ಕ ಹೊಸದಲ್ಲ. ಆದರೆ ಈ ಯುದ್ಧದಲ್ಲಿ ಕೋಟೆ ಒಡೆಯಲಿಲ್ಲ, ಸುತ್ತು ಹಾಕಿ ಹೋದರು.

ಅವರು ಕಂಡುಕೊಂಡ ದಾರಿ ಹೀಗಿತ್ತು. ಹೌಡ್ರಿಯ ಕ್ಯಾಟಲಿಸ್ಟ್ ಒಂದೇ ಕಡೆ ಕೂತಿರುತ್ತದೆ, ಎಣ್ಣೆ ಮತ್ತು ಗಾಳಿ ಸರದಿಯಂತೆ ಬರುತ್ತವೆ. ಇವರು ಅದನ್ನು ತಿರುಗಿಸಿ ಹಾಕಿದರು. ಎಣ್ಣೆ, ಗಾಳಿಯ ಜಾಗ ಬದಲಾಗದು, ಕ್ಯಾಟಲಿಸ್ಟೇ ಓಡಾಡಬೇಕು. ಕ್ಯಾಟಲಿಸ್ಟನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ, ಕೆಳಗಿಂದ ಆವಿ ಊದಿದರೆ ಪುಡಿ ನೀರಿನಂತೆ ಹರಿಯುತ್ತದೆ. ಎಂಐಟಿಯ ಲೂಯಿಸ್, ಗಿಲಿಲ್ಯಾಂಡ್ ಈ ಗುಣವನ್ನು ತೋರಿಸಿಕೊಟ್ಟರು. ಪುಡಿ ಒಂದು ಪಾತ್ರೆಯಲ್ಲಿ ಎಣ್ಣೆ ಒಡೆದು, ಮಸಿ ಹೊತ್ತು ಇನ್ನೊಂದಕ್ಕೆ ಹರಿದು, ಅಲ್ಲಿ ಗಾಳಿಯಲ್ಲಿ ಸುಟ್ಟುಕೊಂಡು, ಕಾದ ಮೈಯೊಂದಿಗೆ ತಿರುಗಿ ಮೊದಲ ಪಾತ್ರೆಗೆ ಬರುತ್ತದೆ. ಆ ಕಾವೇ ಎಣ್ಣೆ ಒಡೆಯಲು ಬೇಕಾದ ಶಾಖ. ಲವಣದ ಕೊಳವೆ ಬ್ಯಾಡ, ಹತ್ತು ನಿಮಿಷದ ಟೈಮರ್ ಬ್ಯಾಡ. ಸ್ಟ್ಯಾಂಡರ್ಡ್‌ನ ಕ್ಯಾಂಪ್‌ಬೆಲ್, ಮಾರ್ಟಿನ್, ಮರ್ಫ್ರಿ, ಟೈಸನ್ ಎಂಬ ನಾಲ್ವರ ಹೆಸರಿನಲ್ಲಿ ಇದಕ್ಕೆ ಪೇಟೆಂಟ್ ಆಯಿತು. 1942ರ ಮೇ 25ರಂದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಮೊದಲ ಘಟಕ ಶುರುವಾಯಿತು. ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕಿಂಗ್, ಎಫ್‌ಸಿಸಿ, ಅಂತ ನಾವು ಪರೀಕ್ಷೆಗೆ ಚಿತ್ರ ಬಿಡಿಸೋದು ಇದನ್ನೇ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಇದೇ ವಂಶದ ಘಟಕ ಇದೆ.

ಹೌಡ್ರಿಯ ಬೇಲಿಯೇ ಅವನ ಎದುರಾಳಿಯನ್ನು ಹುಟ್ಟಿಸಿತು ಅನ್ನಬಹುದು. ಬೆಲೆ ಇಳಿಸಿದ್ದರೆ ಕೂಟ ಕಟ್ಟುತ್ತಿದ್ದರೋ ಇಲ್ಲವೋ. ಹಾಗಂತ ಅವನನ್ನು ದುರಾಸೆಯವ ಅನ್ನೋಕೂ ನನಗೆ ಮನಸ್ಸಿಲ್ಲ. ಲಿಗ್ನೈಟಿನಲ್ಲಿ ಕೈ ಸುಟ್ಟುಕೊಂಡು, ಹದಿನೈದು ವರ್ಷ ಮಸಿಯ ಹಿಂದೆ ಬಿದ್ದವನು ತನ್ನ ಬೆವರಿಗೆ ಬೆಲೆ ಕೇಳಿದ. ಇನ್ನೊಬ್ಬರು ಕದಿಯಲಿಲ್ಲ, ಇನ್ನೂ ಚಲೋ ದಾರಿ ಹುಡುಕಿದರು. ಪೇಟೆಂಟ್ ಕಾನೂನು ಇರುವುದೇ ಇದಕ್ಕೆ ಅಂತ ಒಬ್ಬರು ಹೇಳಬಹುದು, ದುಡ್ಡಿದ್ದವರು ಯಾವ ಬೇಲಿಯನ್ನಾದರೂ ಸುತ್ತಿಕೊಂಡು ಹೋಗಬಲ್ಲರು ಅಂತ ಇನ್ನೊಬ್ಬರು. ಎರಡೂ ನಿಜವೇ.

ಇತ್ತ ಎರಡನೇ ಮಹಾಯುದ್ಧ ಬಂದಾಗ ಎಫ್‌ಸಿಸಿ ಇನ್ನೂ ಎಳೆಗೂಸು. ಕೆಲಸಕ್ಕೆ ಬಂದದ್ದು ಹೌಡ್ರಿ ಘಟಕಗಳೇ. ಯುದ್ಧದ ಮೊದಲ ವರ್ಷಗಳಲ್ಲಿ ಕ್ಯಾಟಲಿಸ್ಟ್ ಮೂಲಕ ತಯಾರಾದ ವಿಮಾನದ ಪೆಟ್ರೋಲ್‌ನಲ್ಲಿ ಬಹುಪಾಲು ಅವುಗಳದ್ದು. ಬ್ಯುಟೇನ್‌ನಿಂದ ಒಂದೇ ಹಂತದಲ್ಲಿ ಬ್ಯುಟಾಡೈಯೀನ್ ಮಾಡುವ ವಿಧಾನವನ್ನೂ ಕೊಟ್ಟ, ಕೃತಕ ರಬ್ಬರಿಗೆ ಅದು ಬೇಕಿತ್ತು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಾಗ ಹೌಡ್ರಿ ಸುಮ್ಮನೆ ಲ್ಯಾಬಿನಲ್ಲಿ ಕೂಡಲಿಲ್ಲ. ಶರಣಾದ ವಿಶಿ ಸರ್ಕಾರವನ್ನು ಬಹಿರಂಗವಾಗಿ ವಿರೋಧಿಸಿ, ದ ಗಾಲ್ ಪರ ನಿಂತ ಫ್ರಾನ್ಸ್ ಫಾರ್ ಎವರ್ ಸಂಘಟನೆಯ ಮುಂದಾಳಾದ. 1941ರ ಮೇನಲ್ಲಿ ವಿಶಿ ಸರ್ಕಾರ ಅವನ ಪೌರತ್ವವನ್ನೇ ಕಿತ್ತುಕೊಂಡಿತು. ಯಾವ ದೇಶಕ್ಕಾಗಿ ಟ್ಯಾಂಕಿನ ಅಡಿ ಗಾಯ ತಿಂದಿದ್ದನೋ ಆ ದೇಶದ ಕಾಗದದಲ್ಲಿ ಅವನು ಯಾರೂ ಅಲ್ಲ. 1942ರಲ್ಲಿ ಅಮೆರಿಕದ ಪ್ರಜೆಯಾದ.

ಐವತ್ತು ದಾಟಿದ ಮೇಲೆ ಬೇರೆಯವರಾಗಿದ್ದರೆ ಸಾಕು ಅನ್ನುತ್ತಿದ್ದರು. ಹೌಡ್ರಿಗೆ ಈಗ ತಾನೇ ಮಾಡಿದ ಪೆಟ್ರೋಲಿನ ಹೊಗೆಯ ಚಿಂತೆ ಹತ್ತಿತು. ಊರ ತುಂಬ ಕಾರು, ಕಾರಿನ ಹಿಂದೆ ಅರೆಬೆಂದ ಮೊನಾಕ್ಸೈಡು. ಜನರ ಶ್ವಾಸಕೋಶಕ್ಕೆ ಏನಾಗುತ್ತಿದೆ ಅಂತ ಯೋಚಿಸಿ 1950ರಲ್ಲಿ ಆಕ್ಸಿ-ಕ್ಯಾಟಲಿಸ್ಟ್ ಎಂಬ ಕಂಪನಿ ಶುರು ಮಾಡಿದ. ಹಳೇ ಲೆಕ್ಕವೇ. ಅರೆಬೆಂದದ್ದನ್ನು ಕ್ಯಾಟಲಿಸ್ಟ್ ಮೇಲೆ ಹಾಯಿಸಿ, ತಕ್ಕಷ್ಟು ಆಕ್ಸಿಜನ್ ಕೊಟ್ಟು ಪೂರ್ತಿ ಸುಡುವುದು. 1956ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಆಗಿನ ಪೆಟ್ರೋಲಿಗೆ ನಾಕಿಂಗ್ ತಡೆಯಲು ಸೀಸ ಬೆರೆಸುತ್ತಿದ್ದರು, ಆ ಸೀಸ ಕ್ಯಾಟಲಿಸ್ಟನ್ನು ವಿಷವಾಗಿ ಕೊಲ್ಲುತ್ತಿತ್ತು. ಮಸಿಯಾದರೆ ಸುಡಬಹುದು, ಸೀಸವನ್ನು ಏನು ಮಾಡೋದು? ಕಾರಿನ ಮಟ್ಟಿಗೆ ಅವನ ಪೇಟೆಂಟ್ ಕಾಗದದಲ್ಲೇ ಉಳಿಯಿತು.

1959ರಲ್ಲಿ ರಸಾಯನ ಉದ್ಯಮದ ದೊಡ್ಡ ಗೌರವವಾದ ಪರ್ಕಿನ್ ಪದಕ ಬಂತು. 1962ರ ಜುಲೈ 18ರಂದು ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ, 70 ವರ್ಷ. ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್, ಕಾರಿಗೆಲ್ಲ ಕನ್ವರ್ಟರ್ ಬಂದದ್ದು 1970ರ ದಶಕದ ನಡುವೆ, ಅವನು ಹೋಗಿ ಹನ್ನೆರಡು ಹದಿಮೂರು ವರ್ಷದ ಮೇಲೆ. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಂದ ಶುರುವಾಗಿ, 2000ಕ್ಕೆ ದೇಶದ ತುಂಬ ಸೀಸದ ಪೆಟ್ರೋಲ್ ನಿಂತಿತು. ಇವತ್ತು ಶಹಾಪುರ ಬಸ್ ಸ್ಟ್ಯಾಂಡ್ ಮುಂದೆ ನಿಂತ ಬಿಎಸ್-6 ಬೈಕಿನ ಸೈಲೆನ್ಸರ್ ಪೈಪ್ ನೋಡ್ರಿ. ಒಳಗೊಂದು ಕ್ಯಾಟಲಿಸ್ಟ್, ಪಕ್ಕದಲ್ಲಿ ಹೊಗೆಯ ಆಕ್ಸಿಜನ್ ಅಳೆಯುವ ಸೆನ್ಸರ್. ಸೆನ್ಸರ್ ಕೆಟ್ಟಾಗ ಮೆಕ್ಯಾನಿಕ್ ಹೇಳೋ ರೇಟಿಗೆ ನಾವು ಬೈತೀವಿ. ಬೈಯುವಾಗ ಹೌಡ್ರಿ ನೆನಪಾಗೋದಿಲ್ಲ.

ರಿಫೈನರಿಯ ಜಗ್ಗಾಟವೂ ಅವನ ಜೊತೆ ಸಾಯಲಿಲ್ಲ. 1970ರ ದಶಕದಲ್ಲಿ ಪುಡಿಯ ಜೊತೆ ದಶಲಕ್ಷದಲ್ಲಿ ಕೆಲವೇ ಭಾಗ ಪ್ಲಾಟಿನಂ ಸೇರಿಸಿ ಮೊನಾಕ್ಸೈಡನ್ನು ಪಾತ್ರೆಯೊಳಗೇ ಪೂರ್ತಿ ಸುಡುವ ವಿಧಾನ ಬಂತು. ಅಲ್ಲಿಂದ ಗಾಳಿ ಎಷ್ಟು, ಉಳಿದ ಆಕ್ಸಿಜನ್ ಎಷ್ಟು ಅನ್ನೋದು ಇನ್ನೂ ಸೂಕ್ಷ್ಮವಾಯಿತು. ಪೆಟ್ರೋಲಿನ ಗುಣ ಏರಿಸುವ ರಿಫಾರ್ಮರ್ ಘಟಕಗಳಲ್ಲಂತೂ ಮಸಿ ಸುಡುವಾಗ ನೈಟ್ರೋಜನ್‌ಗೆ ಒಂದು ಪರ್ಸೆಂಟಿನ ಆಸುಪಾಸು ಮಾತ್ರ ಆಕ್ಸಿಜನ್ ಬೆರೆಸಿ ಶುರು ಮಾಡುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿರೋದು 21 ಪರ್ಸೆಂಟ್. ಆ ಒಂದು, ಎರಡು ಪರ್ಸೆಂಟಿನ ನಡುವೆ ಕೋಟಿ ರೂಪಾಯಿಯ ಕ್ಯಾಟಲಿಸ್ಟೂ ಇದೆ, ಕೆಲಸ ಮಾಡುವವರ ಜೀವವೂ ಇದೆ.

ಹಬ್ಬ ಮುಗಿಸಿ ಅಣ್ಣ ಯಾದಗಿರಿ ಸ್ಟೇಷನ್‌ಗೆ ಹೊರಟಾಗ ಬೈಕಿನಲ್ಲಿ ಬಿಡಲು ನಾನೇ ಹೋಗಿದ್ದೆ. ರೈಲು ಲೇಟಿತ್ತು. ಓದಿದ ಹೌಡ್ರಿ ಕಥೆಯಷ್ಟನ್ನೂ ಪ್ಲಾಟ್‌ಫಾರ್ಮಿನಲ್ಲೇ ಹೇಳಿದೆ. ಪೌರತ್ವ ಕಿತ್ತುಕೊಂಡ ಭಾಗಕ್ಕೆ ಬಂದಾಗ ಸುಮ್ಮನೆ ಕೇಳಿದ. ಆಮೇಲೆ, ಒಮ್ಮೆ ರಾತ್ರಿ ಮೂರಕ್ಕೆ ಆ ನಂಬರ್ ಸೊನ್ನೆಗೆ ಇಳಿದಿತ್ತು, ಹೊಸ ಹುಡುಗ ಗಾಬರಿಯಾಗಿ ಗಾಳಿ ಒಮ್ಮೆಲೇ ಏರಿಸೋಕೆ ಹೋಗಿದ್ದ, ತಾನು ಕೈ ಹಿಡಿದು ಮೆಲ್ಲಕ ಏರಿಸಿದೆ ಅಂತ ಹೇಳಿದ. ಯಾರು ಕಲಿಸಿದ್ರು ಅಂದೆ. ಟ್ರೈನಿಂಗಿನಲ್ಲಿ ಹೇಳಿದ್ರು ಅಂದ, ಸ್ವಲ್ಪ ತಡೆದು ನಕ್ಕು, ಅಜ್ಜಿ ಒಲಿ ಮುಂದನೂ ಬೈಸಿಕೊಂಡಿದ್ವಲ್ಲ ಅಂದ. ಅಷ್ಟೊತ್ತಿಗೆ ರೈಲು ಬಂತು.